ಗಾಯ ಮಾಯಿತು, ಮನೆ ಎಲ್ಲಿ?



ಸಂತ ಲೂಕರ ಶುಭಸಂದೇಶದ 16ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಿರಿವಂತ ಮತ್ತು ಲಾಜರನ ಸಾಮತಿ ನಮಗೆಲ್ಲ ಚೆನ್ನಾಗಿ ಗೊತ್ತು. ಪೂಜೆಯಲ್ಲಿ ಅದನ್ನು ಕೇಳಿದ್ದೇವೆ, ಅದರ ಮೇಲೆ ಪ್ರಬೋಧನೆಗಳನ್ನೂ ಕೇಳಿದ್ದೇವೆ. ಸಿರಿವಂತ ದಿನವೂ ಔತಣ ಮಾಡುತ್ತಿದ್ದ. ಮೈತುಂಬ ಹುಣ್ಣಾದ ಲಾಜರ ಅವನ ಬಾಗಿಲಲ್ಲಿ ಬಿದ್ದಿದ್ದ. ಈ ಇಬ್ಬರ ನಡುವೆ ಬಂದು ಹೋಗುವ ಇನ್ನೊಂದು ಜೀವವಿದೆ. ನಾಯಿಗಳು ಬಂದು ಲಾಜರನ ಹುಣ್ಣುಗಳನ್ನು ನೆಕ್ಕುತ್ತಿದ್ದವು. ಮನೆಯ ಒಡೆಯನ ಕಣ್ಣಿಗೆ ಬೀಳದ ಗಾಯ ನಾಯಿಗಳ ಕಣ್ಣಿಗೆ ಬಿದ್ದಿತ್ತು.

ಇಂದು ನಾವು ಆ ಚಿತ್ರವನ್ನು ಸ್ವಲ್ಪ ತಿರುಗಿಸಿ ನೋಡೋಣ. ನಮ್ಮ ಮನೆಯ ಗೇಟಿನ ಹೊರಗೆ ಗಾಯಗೊಂಡ ನಾಯಿಯೊಂದು ಮಲಗಿದ್ದರೆ ಅದನ್ನು ನೋಡುವ ಕಣ್ಣು ನಮಗಿದೆಯೇ? ನೋಡಿದ ಮೇಲೆ ಮಾಡಬೇಕಾದದ್ದೇನು?

ಒಂದು ಬೀದಿ, ಒಂದು ನಾಯಿ

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿದರೆ ಹೇರೋಹಳ್ಳಿ ಸಿಗುತ್ತದೆ. ಒಂದು ಕಾಲಕ್ಕೆ ಕೆರೆ, ಹೊಲ, ತೋಪುಗಳಿದ್ದ ಹಳ್ಳಿ. ಇಂದು ಬೆಂಗಳೂರಿನೊಳಗೆ ಸೇರಿಹೋಗಿದೆ. ಕೆರೆ ಉಳಿದಿದೆ. ಹಳೆಯ ಹೆಂಚಿನ ಮನೆಗಳ ಜಾಗದಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು ಎದ್ದಿವೆ. ಇಂಥ ಬೀದಿಯೊಂದರಲ್ಲಿ ಒಂದು ನಾಯಿಯನ್ನು ಮನಸ್ಸಿಗೆ ತಂದುಕೊಳ್ಳಿ. ನಮ್ಮ ಪಾಠಕ್ಕೆ ಅನುಕೂಲವಾಗಲೆಂದು ಅದನ್ನು ಕರಿಯ ಎಂದು ಕರೆಯೋಣ.

ಕರಿಯನಿಗೆ ಸುಮಾರು ಒಂಬತ್ತು ವರ್ಷ. ಮೂತಿಯ ಸುತ್ತ ಕೂದಲು ನರೆತಿದೆ. ಮೂರು ವರ್ಷದ ಹಿಂದೆ ಸಾಮಾನು ಸಾಗಿಸುವ ಆಟೋ ಹಾಯ್ದು ಹಿಂಗಾಲು ಮುರಿದಿತ್ತು. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಅಂದಿನಿಂದ ಅದು ಕುಂಟುತ್ತದೆ. ಯಾರೋ ಬಿಸಿನೀರು ಎರಚಿದ್ದರಿಂದ ಬೆನ್ನಿನ ಮೇಲೆ ಅಂಗೈಯಗಲ ಕೂದಲಿಲ್ಲ. ಬೀದಿಯ ಅಜ್ಜಿಯೊಬ್ಬರು ದಿನಕ್ಕೆರಡು ಹೊತ್ತು ಅದಕ್ಕೆ ಅನ್ನ ಹಾಕುತ್ತಿದ್ದರು, ಮಳೆ ಬಂದರೆ ಜಗಲಿಯ ಮೇಲೆ ಗೋಣಿಚೀಲ ಹಾಸುತ್ತಿದ್ದರು. ಈಗ ಅವರ ಮನೆಯನ್ನು ಕೆಡವಿ ಹೊಸದಾಗಿ ಕಟ್ಟುತ್ತಾರೆ. ಅಜ್ಜಿ ಮಗಳ ಮನೆಗೆ ಹೊರಟಿದ್ದಾರೆ, ಅಲ್ಲಿ ನಾಯಿಗೆ ಜಾಗವಿಲ್ಲ. ತಿಂಗಳೊಳಗೆ ಜಗಲಿ ಇರುವುದಿಲ್ಲ. ಅಜ್ಜಿ ನಿಮ್ಮನ್ನು ಕರೆದು ಕೇಳುತ್ತಾರೆ: "ಮಗಾ, ಇದಕ್ಕೊಂದು ಮನೆ ನೋಡ್ಕೊಡಪ್ಪ. ಈ ವಯಸ್ಸಲ್ಲಿ ಇದು ಎಲ್ಲಿಗೆ ಹೋಗುತ್ತೆ?"

ಕರಿಯ ಕಲ್ಪನೆಯ ನಾಯಿ. ಅಂಥ ನಾಯಿಗಳು ಮಾತ್ರ ಕಲ್ಪನೆಯವಲ್ಲ. 2023ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಡೆಸಿದ ಸಮೀಕ್ಷೆಯಲ್ಲಿ ನಗರದ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ ಎಂದು ತಿಳಿದುಬಂದಿತು. ಮರಿಗೆ ಮನೆ ಹುಡುಕುವುದು ಸುಲಭ, ಮುದ್ದಾಗಿದೆ ಎಂದು ಮಕ್ಕಳೇ ಎತ್ತಿಕೊಂಡು ಹೋಗುತ್ತಾರೆ. ವಯಸ್ಸಾದ, ಒಮ್ಮೆ ಪೆಟ್ಟು ತಿಂದ ನಾಯಿಗೆ ಮನೆ ಹುಡುಕುವುದೇ ಕಷ್ಟ.

ಧರ್ಮಸಭೆ ಏನು ಹೇಳುತ್ತದೆ?

"ಮನುಷ್ಯರಿಗೇ ಮನೆಯಿಲ್ಲ, ನಾಯಿಗೆ ಮನೆ ಹುಡುಕಬೇಕೇ?" ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ಅದನ್ನು ಬದಿಗೆ ಸರಿಸಬಾರದು.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2415ರಿಂದ 2418ರವರೆಗಿನ ಪರಿಚ್ಛೇದಗಳಲ್ಲಿ ಇದಕ್ಕೆ ಉತ್ತರ ಕೊಡುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವು ಇರುವುದರಿಂದಲೇ ದೇವರಿಗೆ ಮಹಿಮೆ ಸಲ್ಲಿಸುತ್ತವೆ, ಆದ್ದರಿಂದ ನಾವು ಅವಕ್ಕೆ ದಯೆ ತೋರಿಸುವ ಋಣದಲ್ಲಿದ್ದೇವೆ ಎನ್ನುತ್ತದೆ ಅದು. ಅನಗತ್ಯವಾಗಿ ಅವನ್ನು ನರಳಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ತಕ್ಕದ್ದಲ್ಲ. ಅದೇ ಪರಿಚ್ಛೇದ ಇನ್ನೊಂದು ಮಾತನ್ನೂ ಸೇರಿಸುತ್ತದೆ. ಮನುಷ್ಯರ ಸಂಕಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ಸರಿಯಲ್ಲ, ಮನುಷ್ಯರಿಗೆ ಮಾತ್ರ ಸಲ್ಲಬೇಕಾದ ಪ್ರೀತಿಯನ್ನು ಪ್ರಾಣಿಗಳಿಗೆ ಕೊಡುವುದೂ ಸರಿಯಲ್ಲ. ಪೋಪ್ ಫ್ರಾನ್ಸಿಸ್ ಅವರು 2022ರ ಜನವರಿಯಲ್ಲಿ, ಮಕ್ಕಳು ಬೇಡವೆಂದು ನಾಯಿಬೆಕ್ಕುಗಳಿಂದ ಮನೆ ತುಂಬಿಕೊಳ್ಳುವ ದಂಪತಿಗಳ ವಿಷಯದಲ್ಲಿ ಕಳವಳ ವ್ಯಕ್ತಪಡಿಸಿದ್ದು ಅನೇಕರಿಗೆ ನೆನಪಿರಬಹುದು. ಅದೇ ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ನಮಗಿರುವುದು ಒಂದೇ ಹೃದಯ, ಪ್ರಾಣಿಯನ್ನು ಹಿಂಸಿಸುವ ಕೇಡು ಬಲುಬೇಗ ಮನುಷ್ಯ ಸಂಬಂಧಗಳಲ್ಲೂ ತಲೆಯೆತ್ತುತ್ತದೆ ಎಂಬ ಅರ್ಥದ ಮಾತನ್ನು ಹೇಳಿದ್ದಾರೆ.

ಇದೇ ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿ ಇದೆ. ಕುಷ್ಠರೋಗ ತಗುಲಿದವರಿಗೆ ಚಿಕಿತ್ಸೆ, ಆಶ್ರಯ, ದುಡಿಮೆ ಒದಗಿಸಲು ಬೆಂಗಳೂರು ಮಹಾಧರ್ಮಕ್ಷೇತ್ರ 1970ರ ದಶಕದ ಕೊನೆಯಲ್ಲಿ ಕೈಹಾಕಿದ ಸೇವೆ ಅದು. ಅಲ್ಲಿಗೆ ಕೊಡಬೇಕೆಂದಿದ್ದ ಕಾಣಿಕೆಯನ್ನು ನಾಯಿಯ ಔಷಧಿಗೆ ತಿರುಗಿಸಬೇಡಿ. ಮೊದಲು ಮನುಷ್ಯರು. ಆದರೆ ಕರಿಯನಿಗೆ ಬೇಕಾದದ್ದು ಬಹುಪಾಲು ಹಣದಿಂದ ಕೊಳ್ಳುವಂಥದ್ದಲ್ಲ. ಒಂದು ಮೂಲೆ, ಒಂದು ಗೋಣಿಚೀಲ, ನಮ್ಮ ಊಟದಲ್ಲಿ ಒಂದು ಪಾಲು, ದಿನಕ್ಕೆ ಅರ್ಧ ಗಂಟೆ. ಇಷ್ಟನ್ನು ಕೊಟ್ಟರೆ ಯಾವ ಬಡವನ ತುತ್ತೂ ಕಡಿಮೆಯಾಗುವುದಿಲ್ಲ.

ಪವಿತ್ರ ಗ್ರಂಥ ನಾಯಿಯ ವಿಷಯದಲ್ಲಿ ಹೆಚ್ಚು ಮೆಚ್ಚುಗೆಯ ಮಾತಾಡುವುದಿಲ್ಲ. ಆದರೂ ತೋಬಿತನ ಗ್ರಂಥವನ್ನು ತೆರೆದು ನೋಡಿ. ತೋಬಿಯ ದೂತ ರಫಾಯೇಲನೊಡನೆ ದೂರದೇಶಕ್ಕೆ ಹೊರಟಾಗ ಮನೆಯ ನಾಯಿಯೂ ಜೊತೆಗೆ ಹೊರಡುತ್ತದೆ, ಅವರು ಮರಳುವಾಗ ತಾನೂ ಹಿಂದೆ ಬರುತ್ತದೆ. ಅದು ಯಾವ ಅದ್ಭುತವನ್ನೂ ಮಾಡುವುದಿಲ್ಲ, ಜೊತೆಗೆ ನಡೆಯುತ್ತದೆ ಅಷ್ಟೆ. ಆಗಸ್ಟ್ 16ರಂದು ನಾವು ಸ್ಮರಿಸುವ ಸಂತ ರೋಕ್‌ರ ಪ್ರತಿಮೆಯಲ್ಲೂ ನಾಯಿಯಿದೆ. ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಾ ತಾವೇ ರೋಗಕ್ಕೆ ತುತ್ತಾಗಿ ಕಾಡು ಸೇರಿದಾಗ, ನಾಯಿಯೊಂದು ರೊಟ್ಟಿ ತಂದುಕೊಟ್ಟು ಅವರನ್ನು ಉಳಿಸಿತೆಂಬುದು ಪರಂಪರೆ. ಸಂತರು ತೊಡೆಯ ಹುಣ್ಣನ್ನು ತೋರಿಸುತ್ತಾ ನಿಂತಿರುತ್ತಾರೆ, ನಾಯಿ ಬಾಯಲ್ಲಿ ರೊಟ್ಟಿ ಕಚ್ಚಿಕೊಂಡು ಪಕ್ಕದಲ್ಲಿರುತ್ತದೆ.

ನಮ್ಮ ನಾಡಿನಲ್ಲಿ

ಕನ್ನಡ ನಾಡಿಗೂ ಈ ವಿಷಯ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಬಂಟ ಮಣಲೇರ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಮಣಲೇರ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುಕೊಟ್ಟ. ಸಾವಿರ ವರ್ಷ ಕಳೆದರೂ ಆ ನಾಯಿಯ ಹೆಸರು ಉಳಿದಿದೆ.

ಕಾಳಿ ವೀರ ನಾಯಿ. ಬೀದಿಯ ಮುದಿ ನಾಯಿಗಳಿಗೆ ಕಲ್ಲು ನಿಲ್ಲಿಸುವವರಿಲ್ಲ, ಅವಕ್ಕೆ ಬದುಕಿರುವಾಗ ನೆರಳು ಕೊಡುವವರು ಬೇಕು. ಅಂಥವರಲ್ಲಿ ಒಬ್ಬರು ಕ್ರಿಸ್ಟಲ್ ರಾಜರ್ಸ್ ಎಂಬ ಆಂಗ್ಲ ಮಹಿಳೆ. ಮೊದಲು ದೆಹಲಿಯಲ್ಲಿ, ಬಳಿಕ ಜೈಪುರದಲ್ಲಿ ಪ್ರಾಣಿಗಳಿಗೆ ಆಶ್ರಯ ಕಟ್ಟಿದ ಆಕೆ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದರು. 1991ರಲ್ಲಿ 'ಕ್ಯೂಪಾ' ಸಂಸ್ಥೆ ಆರಂಭಿಸಿದಾಗ ಅವರಿಗೆ ಸುಮಾರು 85 ವರ್ಷ. 1996ರಲ್ಲಿ ತೀರಿಕೊಂಡರು. ಸಂಸ್ಥೆ ಇಂದಿಗೂ ನಡೆಯುತ್ತಿದೆ. ತಾವೇ ಊರುಗೋಲು ಹಿಡಿಯುವ ವಯಸ್ಸಿನಲ್ಲಿ ಇನ್ನೊಂದು ಜೀವಕ್ಕೆ ನೆರಳಾದರು ಎಂಬುದನ್ನು ನೆನೆದರೆ, "ನಮ್ಮಿಂದ ಏನಾದೀತು?" ಎಂದು ಹೇಳಲು ನಮಗೆ ಸಂಕೋಚವಾಗಬೇಕು.

2022ರಲ್ಲಿ ತೆರೆಕಂಡ '777 ಚಾರ್ಲಿ' ಚಿತ್ರ ನೋಡಿ ಅತ್ತವರು ಬಹಳ ಮಂದಿ. ಚಿತ್ರದ ಚಾರ್ಲಿಗಿಂತ ಮೊದಲೇ ಬೆಂಗಳೂರಿನಲ್ಲಿ ಇನ್ನೊಂದು ಚಾರ್ಲಿ ಇತ್ತು, ಮೂರೇ ಕಾಲಿನ ನಾಯಿ. 2013ರಲ್ಲಿ ನಗರದ ಉತ್ತರ ಭಾಗದಲ್ಲಿ ಆರಂಭವಾದ ಪ್ರಾಣಿ ರಕ್ಷಣಾ ಕೇಂದ್ರವೊಂದಕ್ಕೆ ಅದರ ಹೆಸರನ್ನೇ ಇಟ್ಟಿದ್ದಾರೆ. ಒಂದು ಕಾಲು ಇಲ್ಲದ್ದು ಆ ನಾಯಿಯ ಗುರುತಾಯಿತೇ ಹೊರತು ಕುಂದಾಗಲಿಲ್ಲ.

ಮೊದಲು ನಾಯಿಯನ್ನು ಅರಿಯಿರಿ

ಈಗ ಕರಿಯನ ವಿಷಯಕ್ಕೆ ಬರೋಣ. ನೀತಿವಂತ ತನ್ನ ಸಾಕುಪ್ರಾಣಿಯ ಪ್ರಾಣವನ್ನು ಲಕ್ಷಿಸುತ್ತಾನೆ ಎಂಬ ಭಾವ ಜ್ಞಾನೋಕ್ತಿ ಗ್ರಂಥದ 12ನೆಯ ಅಧ್ಯಾಯದಲ್ಲಿದೆ. ಲಕ್ಷಿಸುವುದೆಂದರೆ ಮೊದಲು ತಿಳಿದುಕೊಳ್ಳುವುದು.

ಮನೆ ಹುಡುಕುವ ಮೊದಲು ಪಶುವೈದ್ಯರ ಬಳಿ ಕರೆದುಕೊಂಡು ಹೋಗಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾಗಲಿ, ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಾಗಲಿ, ಖಾಸಗಿ ವೈದ್ಯರಾಗಲಿ, ಅನುಕೂಲವಾದಲ್ಲಿ ತೋರಿಸಿ. ಗಾಯಗೊಂಡ ನಾಯಿ ನೋವಿಗೆ ಕಚ್ಚಬಹುದು. ಎಷ್ಟೇ ಪರಿಚಯವಿದ್ದರೂ ನೋವಿರುವ ಜಾಗವನ್ನು ಥಟ್ಟನೆ ಮುಟ್ಟಬೇಡಿ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಹುಚ್ಚುನಾಯಿ ರೋಗ ಲಕ್ಷಣ ತೋರಿದ ಮೇಲೆ ಉಳಿಯುವುದು ಅಪರೂಪದಲ್ಲಿ ಅಪರೂಪ. ಸಕಾಲಕ್ಕೆ ಹಾಕಿಸಿದ ಲಸಿಕೆ ಪ್ರಾಣ ಉಳಿಸುತ್ತದೆ.

ವೈದ್ಯರಲ್ಲಿ ಇವನ್ನು ಕೇಳಿ ತಿಳಿಯಿರಿ. ವಯಸ್ಸೆಷ್ಟಿರಬಹುದು? ಮಧ್ಯಮ ಗಾತ್ರದ ನಾಯಿ ಏಳೆಂಟು ವರ್ಷಕ್ಕೆ ಇಳಿವಯಸ್ಸಿಗೆ ಕಾಲಿಟ್ಟಂತೆ. ಹಳೆಯ ಮುರಿತ ಈಗಲೂ ನೋಯುತ್ತಿದೆಯೇ, ಅಥವಾ ನಡಿಗೆ ಮಾತ್ರ ಸೊಟ್ಟವೇ? ಕಣ್ಣಿನ ನೀಲಿ ಮಬ್ಬು ವಯಸ್ಸಿನ ಸಹಜ ಮಬ್ಬೋ, ಪೊರೆಯೋ? ಹಲ್ಲು ಹೇಗಿವೆ? ಉಣ್ಣೆಹುಳುಗಳಿಂದ ಹರಡುವ ಜ್ವರವಿದೆಯೇ? ಇದು ನಮ್ಮ ಬೆಂಗಳೂರಿನ ನಾಯಿಗಳಲ್ಲಿ ಬಹಳ ಕಾಣುವ ಕಾಯಿಲೆ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬ ಗುರುತು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಜಂತುಹುಳುವಿನ ಔಷಧಿ ಕೊಡಿಸಿ, ಚೀಟಿಗಳನ್ನೆಲ್ಲ ಒಂದು ಲಕೋಟೆಯಲ್ಲಿ ಇಡಿ.

ಮೈಗಾಯದಷ್ಟೇ ಮನಸ್ಸಿನ ಗಾಯವನ್ನೂ ಗಮನಿಸಿ. ಪೊರಕೆ ಎತ್ತಿದರೆ ಮುದುಡಿಕೊಳ್ಳುತ್ತದೆಯೇ? ಆಟೋ ಸದ್ದಿಗೆ ಓಡುತ್ತದೆಯೇ? ದೀಪಾವಳಿಯ ಪಟಾಕಿಗೆ ಏನು ಮಾಡುತ್ತದೆ? ಮಕ್ಕಳನ್ನು, ಬೆಕ್ಕನ್ನು, ಬೇರೆ ನಾಯಿಯನ್ನು ಕಂಡರೆ ಹೇಗಿರುತ್ತದೆ? ತಿನ್ನುವಾಗ ಹತ್ತಿರ ಹೋದರೆ ಗುರುಗುಟ್ಟುತ್ತದೆಯೇ? ಹೆಚ್ಚು ಬಲ್ಲವರು ಅಜ್ಜಿ. ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಿ.

ಗಾಯವನ್ನು ಮುಚ್ಚಿಡಬೇಡಿ

ಈ ಪಾಠದ ಮುಖ್ಯ ಮಾತು ಇದು. ಮನೆ ಹುಡುಕಲು ಹೊರಟಾಗ ಒಳ್ಳೆಯ ಮನಸ್ಸಿನವರೇ ಒಂದು ಸಲಹೆ ಕೊಡುತ್ತಾರೆ: "ಕುಂಟೋದನ್ನ ಹೇಳಿದ್ರೆ ಯಾರೂ ತಗೊಳಲ್ಲ ಸಾರ್. ವಯಸ್ಸು ಐದು ಅನ್ನಿ. ಒಂದ್ಸಲ ಮನೆ ಸೇರ್ಲಿ, ಆಮೇಲೆ ಪ್ರೀತಿ ತಾನಾಗೇ ಬರುತ್ತೆ."

ಹೀಗೆ ಹೇಳಿ ಕೊಟ್ಟರೆ ಆಗುವುದೇನು? ನಾಲ್ಕು ದಿನಕ್ಕೆ ಮನೆಯವರಿಗೆ ನಾಯಿ ಮೆಟ್ಟಿಲು ಹತ್ತಲಾರದೆಂದು ಗೊತ್ತಾಗುತ್ತದೆ. ಎಂಟನೆಯ ದಿನ ಮಗು ಬೆನ್ನು ತಟ್ಟಿದಾಗ ನಾಯಿ ಹಲ್ಲು ಕಿರಿಯುತ್ತದೆ. ಮನೆಯವರಿಗೆ ನಾಯಿಯ ಮೇಲೆ ಬರುವ ಸಿಟ್ಟಿಗಿಂತ, ಮೋಸಹೋದೆವೆಂಬ ಸಿಟ್ಟು ಹೆಚ್ಚು. ನಾಯಿ ಮರಳಿ ಬರುತ್ತದೆ. ಮರಳಿ ಬಂದರೆ ಪುಣ್ಯ, ಕೆಲವರು ಕೆಂಗೇರಿ ಆಚೆಗೋ ನೈಸ್ ರಸ್ತೆಯ ಪಕ್ಕಕ್ಕೋ ಬಿಟ್ಟು ಬಂದುಬಿಡುತ್ತಾರೆ. ಒಮ್ಮೆ ಮನೆ ಕಳೆದುಕೊಂಡ ಮುದಿ ನಾಯಿ ಎರಡನೆಯ ಸಲವೂ ಕಳೆದುಕೊಳ್ಳುತ್ತದೆ. ಅದಕ್ಕೆ ಕಾರಣ ಮನೆಯವರಲ್ಲ, ನಾವು ಹೇಳಿದ ಸುಳ್ಳು.

ಪುನರುತ್ಥಾನರಾದ ಪ್ರಭು ಶಿಷ್ಯರ ನಡುವೆ ಬಂದು ನಿಂತಾಗ ಅವರ ಕೈಗಳಲ್ಲಿ ಮೊಳೆಯ ಗುರುತುಗಳು ಹಾಗೇ ಇದ್ದವು. ಸಾವನ್ನೇ ಗೆದ್ದವರು ಗಾಯದ ಗುರುತನ್ನು ಅಳಿಸಿಕೊಳ್ಳಲಿಲ್ಲ. ತೋಮನಿಗೆ ಅದನ್ನೇ ತೋರಿಸಿದರು. ನಾಯಿಗೂ ಪ್ರಭುವಿಗೂ ಹೋಲಿಕೆ ಮಾಡುತ್ತಿಲ್ಲ, ತಪ್ಪು ತಿಳಿಯಬೇಡಿ. ಗಾಯದ ಗುರುತು ನಾಚಿಕೆಪಡುವ ವಸ್ತುವಲ್ಲ ಎಂಬುದನ್ನು ನಾವು ಕಲಿತದ್ದು ಅಲ್ಲಿಂದ ಎಂದಷ್ಟೇ ಹೇಳುತ್ತಿದ್ದೇನೆ. ಗಾಯವನ್ನು ನೋಡಿದ ಮೇಲೂ "ಬಾ" ಎನ್ನುವ ಮನೆಯೇ ಉಳಿಯುವ ಮನೆ.

ಹಾಗಾದರೆ ಹೇಗೆ ಹೇಳಬೇಕು? ಹೀಗೊಂದು ಚೀಟಿ ಬರೆಯಬಹುದು:

"ಹೆಸರು ಕರಿಯ. ಗಂಡು, ಊರ ನಾಯಿ. ವೈದ್ಯರ ಅಂದಾಜಿನಂತೆ ಒಂಬತ್ತು ವರ್ಷ. ಶಸ್ತ್ರಚಿಕಿತ್ಸೆ, ಲಸಿಕೆ ಆಗಿವೆ. ಎಡ ಹಿಂಗಾಲು ಹಿಂದೆ ಮುರಿದಿತ್ತು, ಕುಂಟುತ್ತದೆ, ಚಳಿಯಲ್ಲಿ ನೋವು ಹೆಚ್ಚು. ಮೆಟ್ಟಿಲು ಕಷ್ಟ. ಬೆನ್ನಿನ ಮೇಲೆ ಸುಟ್ಟ ಕಲೆ ಇದೆ, ಅಲ್ಲಿ ಮುಟ್ಟುವುದು ಅದಕ್ಕೆ ಇಷ್ಟವಿಲ್ಲ. ಪಟಾಕಿಗೆ ಬಹಳ ಹೆದರುತ್ತದೆ. ಕರೆದರೆ ಬರುತ್ತದೆ. ಹೊರಗೆ ಹೋಗಿಯೇ ಮಲಮೂತ್ರ ಮಾಡುತ್ತದೆ. ರಾತ್ರಿ ಅಪರಿಚಿತರು ಬಂದರೆ ಮಾತ್ರ ಬೊಗಳುತ್ತದೆ. ಅನ್ನ ಮೊಸರು, ಮೊಟ್ಟೆ ಇಷ್ಟ. ಒಂದು ಬೆಚ್ಚನೆಯ ಮೂಲೆ ಬೇಕು."

ಇದರಲ್ಲಿ ಒಂದೂ ಸುಳ್ಳಿಲ್ಲ, ದಯೆಗಾಗಿ ಅಂಗಲಾಚುವ ಮಾತೂ ಇಲ್ಲ. ಕುಂಟು ಕಾಲಿನ ಜೊತೆಗೆ ಒಳ್ಳೆಯ ಗುಣವೂ ಕಾಣುತ್ತದೆ. ಮುದಿ ನಾಯಿಯಲ್ಲಿ ಅನುಕೂಲಗಳೂ ಇವೆ. ಅದು ಇನ್ನು ಎಷ್ಟು ಬೆಳೆದೀತೆಂಬ ಯೋಚನೆಯಿಲ್ಲ, ಚಪ್ಪಲಿ ಕಚ್ಚುವ ಕಾಲ ಮುಗಿದಿದೆ, ಸ್ವಭಾವ ಎಂಥದ್ದೆಂದು ಮೊದಲೇ ಗೊತ್ತು, ಗಂಟೆಗಟ್ಟಲೆ ಓಡಿಸಬೇಕಿಲ್ಲ. ಫೋಟೋ ತೆಗೆಯುವಾಗ ಕೆಳಗೆ ಕುಳಿತು ಅದರ ಕಣ್ಣಿನ ಮಟ್ಟದಲ್ಲಿ ತೆಗೆಯಿರಿ. ಒಂದು ಫೋಟೋದಲ್ಲಿ ಮುಖ ಕಾಣಲಿ, ಇನ್ನೊಂದರಲ್ಲಿ ಆ ಕಾಲು ಕಾಣಲಿ.

ಯಾವ ಮನೆ ತಕ್ಕ ಮನೆ?

ಮೊದಲು "ಆಯಿತು" ಎಂದವರಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಮಗಳಿಗೆ ಸಂಬಂಧ ನೋಡುವಾಗ ನಾಲ್ಕು ಕಡೆ ವಿಚಾರಿಸುತ್ತೇವೆ. ಇಲ್ಲಿ ಅಷ್ಟಲ್ಲದಿದ್ದರೂ ಒಂದಿಷ್ಟು ವಿಚಾರಣೆ ಬೇಕು.

ಅವರ ಮನೆಗೆ ಹೋಗಿ ನೋಡಿ. ನೆಲಮಹಡಿಯೇ? ಮೂರನೆಯ ಮಹಡಿಯಾದರೆ ಲಿಫ್ಟ್ ಇದೆಯೇ? ಬಾಡಿಗೆ ಮನೆಯಾದರೆ ಮನೆ ಮಾಲೀಕರ ಒಪ್ಪಿಗೆ ಇದೆಯೇ? ಮನೆಯವರೆಲ್ಲರ ಮನಸ್ಸೂ ಕೂಡಿದೆಯೇ, ಅಥವಾ ಮಗನಿಗೆ ಮಾತ್ರ ಆಸೆಯೇ? ಅನ್ನ ಹಾಕುವವರು, ಹೊರಗೆ ಕರೆದೊಯ್ಯುವವರು ಯಾರು? ಊರಿಗೆ ಹೋದಾಗ, ವೇಳಾಂಗಣ್ಣಿ ಯಾತ್ರೆಗೆ ಹೊರಟಾಗ ನೋಡಿಕೊಳ್ಳುವವರು ಯಾರು? ಔಷಧಿಯ ಖರ್ಚಿಗೆ ಅನುಕೂಲವಿದೆಯೇ? ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ, ಮುಟ್ಟಿದರೆ ನೋಯುವ ನಾಯಿಗೂ ಎಲ್ಲವನ್ನೂ ಮುಟ್ಟುವ ಮಗುವಿಗೂ ಅದು ಕಷ್ಟ. "ಬೇಡ" ಎಂದು ನೀವೇ ಹೇಳಿಬಿಡುವುದು ಎರಡು ಜೀವಕ್ಕೂ ಒಳ್ಳೆಯದು.

ನಿವೃತ್ತ ದಂಪತಿಗಳು, ಮಕ್ಕಳು ದೂರದಲ್ಲಿರುವ ಹಿರಿಯರು, ಹಗಲೂ ಮನೆಯಲ್ಲಿ ಯಾರಾದರೂ ಇರುವ ಕುಟುಂಬ, ಇಂಥವರಿಗೆ ಮುದಿ ನಾಯಿ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಇಬ್ಬರ ನಡಿಗೆಯೂ ನಿಧಾನ. ಆದರೆ ಆ ಹಿರಿಯರಿಗೆ ಏನಾದರೂ ಆದರೆ ನಾಯಿಯ ಜವಾಬ್ದಾರಿ ಯಾರದೆಂದು ಮೊದಲೇ ಕೇಳಿಡಿ. ಕರಿಯನಿಗೆ ಈಗ ಒದಗಿರುವ ಕಷ್ಟವೇ ಅದಲ್ಲವೇ?

ಎಲ್ಲ ಸರಿಕಂಡರೆ ಎರಡು ವಾರ ಇಟ್ಟು ನೋಡಲು ಕೊಡಿ. ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಮಾಡಿ: ಗಾಯಗಳ ವಿವರ ತಿಳಿಸಲಾಗಿದೆ, ಪ್ರತಿವರ್ಷ ಲಸಿಕೆ ಹಾಕಿಸಬೇಕು, ಇಟ್ಟುಕೊಳ್ಳಲು ಆಗದಿದ್ದರೆ ಬೀದಿಗೆ ಬಿಡದೆ ನಮಗೇ ಮರಳಿಸಬೇಕು. ಕಡೆಯ ಸಾಲು ಬಹಳ ಮುಖ್ಯ. ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ತೊರೆದುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ. ನಮ್ಮನ್ನು ತಡೆಯಬೇಕಾದದ್ದು ಆ ದಂಡವಲ್ಲ, ಅಂತಃಸಾಕ್ಷಿ.

ಹೊಸ ಮನೆಯಲ್ಲಿ

ನಾಯಿಯನ್ನು ಕರೆತಂದ ಮನೆಯವರಿಗೆ ಈಗ ಕೆಲವು ಮಾತು. ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಪ್ರಾಣಿ ರಕ್ಷಕರು ಒಂದು ಲೆಕ್ಕ ಹೇಳುತ್ತಾರೆ. ಮೊದಲ ಮೂರು ದಿನ ನಾಯಿ ಹೆದರಿ ಮೂಲೆ ಹಿಡಿಯುತ್ತದೆ, ತಿನ್ನದೆಯೂ ಇರಬಹುದು. ಮೂರು ವಾರಕ್ಕೆ ಮನೆಯ ವೇಳೆಗಳನ್ನು ಕಲಿಯುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಎಂದು ತಿಳಿಯುತ್ತದೆ. ಇದು ಅಂದಾಜು. ಪೆಟ್ಟು ತಿಂದ ನಾಯಿಗೆ ಇನ್ನೂ ಹೆಚ್ಚು ಸಮಯ ಬೇಕಾಗಬಹುದು. ಮೊದಲ ದಿನವೇ ನೆಂಟರನ್ನೆಲ್ಲ ಕರೆದು ತೋರಿಸಬೇಡಿ. ಹಳೆಯ ಜಾಗ ಹುಡುಕಿಕೊಂಡು ಓಡಿಹೋಗುವ ಭಯವಿರುವುದರಿಂದ ಗೇಟು ಮುಚ್ಚಿರಲಿ, ಹೊರಗೆ ಹೋಗುವಾಗ ಹಗ್ಗ ಅಥವಾ ಬೆಲ್ಟ್ ಇರಲಿ. ಅಜ್ಜಿ ಹಾಸುತ್ತಿದ್ದ ಗೋಣಿಚೀಲವನ್ನು ಒಗೆಯದೆ ಜೊತೆಗೆ ತನ್ನಿ. ಆ ವಾಸನೆ ಅದಕ್ಕೆ ಧೈರ್ಯ ಕೊಡುತ್ತದೆ.

ನಯವಾದ ಟೈಲ್ಸ್ ನೆಲದಲ್ಲಿ ಕುಂಟು ನಾಯಿ ಜಾರುತ್ತದೆ. ಅದು ಓಡಾಡುವ ದಾರಿಯಲ್ಲಿ ಹಳೆಯ ಜಮಖಾನೆ ಹಾಸಿ. ಮಲಗುವ ಜಾಗ ದಪ್ಪವಾಗಿ, ಗಾಳಿ ಹೊಡೆಯದ ಕಡೆ ಇರಲಿ. ಮೈ ಹೆಚ್ಚು ತೂಕವಾದರೆ ನೋವಿನ ಕಾಲಿಗೆ ಭಾರ, ಆದ್ದರಿಂದ ಪ್ರೀತಿಯೆಂದು ಅಳತೆ ಮೀರಿ ತಿನ್ನಿಸಬೇಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಬೆಂದ ಮೂಳೆ ಸೀಳಿ ಗಂಟಲು, ಕರುಳಿಗೆ ಚುಚ್ಚಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕಾಲುನೋವೆಂದು ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥ ಮಾತ್ರೆಗಳನ್ನು ನಾಯಿಗೆ ಕೊಡಬೇಡಿ. ಅವು ಅದರ ಪ್ರಾಣಕ್ಕೇ ಎರವಾಗಬಹುದು. ನಾಯಿಗೆಂದೇ ಇರುವ ನೋವಿನ ಔಷಧಿಯನ್ನು ವೈದ್ಯರು ಬರೆದುಕೊಡುತ್ತಾರೆ.

ಮಕ್ಕಳಿಗೆ ಮೂರು ನಿಯಮ ಕಲಿಸಿ. ಮಲಗಿದ ನಾಯಿಯನ್ನು ಮುಟ್ಟಿ ಎಬ್ಬಿಸಬಾರದು, ದೂರದಿಂದ ಹೆಸರು ಕರೆಯಬೇಕು. ತಿನ್ನುವಾಗ ಹತ್ತಿರ ಹೋಗಬಾರದು. ನೋವಿನ ಕಾಲನ್ನೂ ಬೆನ್ನಿನ ಕಲೆಯನ್ನೂ ಮುಟ್ಟಬಾರದು. ಇನ್ನೊಬ್ಬರ ನೋವು ಎಲ್ಲಿದೆಯೆಂದು ತಿಳಿದು ಅಲ್ಲಿ ಕೈಯಿಡದಿರುವುದನ್ನು ನಾಯಿಯ ಬಳಿ ಕಲಿತ ಮಗು, ನಾಳೆ ಮನುಷ್ಯರ ನಡುವೆಯೂ ಹಾಗೇ ನಡೆದುಕೊಳ್ಳುತ್ತದೆ.

ಮನೆ ಸಿಗದಿದ್ದರೆ?

ಎಷ್ಟು ಹುಡುಕಿದರೂ ಮನೆ ಸಿಗದಿರಬಹುದು. ಆಶ್ರಯಧಾಮಗಳಲ್ಲಿ ಜಾಗ ಕಡಿಮೆ, ಅಲ್ಲಿ ಬಿಟ್ಟರೆ ಆಯಿತೆಂದು ಕೊನೆಯ ಗಳಿಗೆಯಲ್ಲಿ ಹೊರಡಬೇಡಿ, ಮೊದಲೇ ಮಾತಾಡಿ. ಬೀದಿಯ ನಾಲ್ಕು ಮನೆಯವರು ಸೇರಿ ಹೊಣೆ ಹಂಚಿಕೊಳ್ಳುವುದು ಇನ್ನೊಂದು ದಾರಿ. ಒಬ್ಬರ ಗ್ಯಾರೇಜಿನಲ್ಲಿ ಮಲಗಲು ಜಾಗ, ಇನ್ನೊಬ್ಬರದು ಊಟ, ಮತ್ತೊಬ್ಬರದು ಔಷಧಿ. 2023ರ ಪ್ರಾಣಿ ಸಂತತಿ ನಿಯಂತ್ರಣ ನಿಯಮಗಳು ಇಂಥ ನಾಯಿಗಳನ್ನು ಸಮುದಾಯದ ಪ್ರಾಣಿಗಳೆಂದೇ ಕರೆಯುತ್ತವೆ. ಊಟ ಹಾಕುವ ಜಾಗ ಮಕ್ಕಳು ಆಡುವ ಕಡೆ, ಜನ ಓಡಾಡುವ ಬಾಗಿಲ ಬಳಿ ಇರಬಾರದು. ನಾಯಿಗೆ ಹೆದರುವ ನೆರೆಯವರನ್ನು ಗದರಿಸಬೇಡಿ. ಕಚ್ಚಿಸಿಕೊಂಡ ಮಗುವಿನ ತಾಯಿಯ ಭಯವೂ ನಿಜವಾದ ಭಯವೇ. ಲಸಿಕೆಯ ಚೀಟಿ ತೋರಿಸಿ ತಾಳ್ಮೆಯಿಂದ ಮಾತಾಡಿ.

ಕೆಲವೊಮ್ಮೆ ರೋಗ ಗುಣವಾಗದ ಹಂತಕ್ಕೆ ಹೋಗಿ, ಯಾವ ಔಷಧಿಗೂ ನೋವು ತಗ್ಗದಿರಬಹುದು. ಮನುಷ್ಯನ ಜೀವದ ವಿಷಯದಲ್ಲಿ ದಯಾಮರಣವನ್ನು ಧರ್ಮಸಭೆ ಎಂದೂ ಒಪ್ಪುವುದಿಲ್ಲ. ಪ್ರಾಣಿಯ ವಿಷಯ ಬೇರೆ. ತೀರದ ನೋವನ್ನು ಪಶುವೈದ್ಯರು ಸೂಜಿಯಿಂದ ಶಾಂತವಾಗಿ ಕೊನೆಗಾಣಿಸಬಹುದು, ಕಾನೂನಿನಲ್ಲೂ ಅದಕ್ಕೆ ಅವಕಾಶವಿದೆ. ಆದರೆ "ವಯಸ್ಸಾಯಿತು, ಯಾರಿಗೂ ಬೇಡ" ಎಂಬುದು ಅದಕ್ಕೆ ಕಾರಣವಾಗಬಾರದು. ಕರಿಯ ಕುಂಟುತ್ತದೆ, ನಿಜ. ಬೆಳಿಗ್ಗೆ ಅಜ್ಜಿಯ ಕಾಲಸಪ್ಪಳಕ್ಕೆ ಬಾಲವನ್ನೂ ಆಡಿಸುತ್ತದೆ.

ಕೊನೆಯದಾಗಿ ಒಂದು ಮಾತು. ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಪ್ರಭು, ಔತಣಕ್ಕೆ ಕರೆಯುವಾಗ ಮರಳಿ ಕರೆಯಬಲ್ಲ ಸಿರಿವಂತರನ್ನು ಕರೆಯದೆ, ಬಡವರನ್ನೂ ಅಂಗವಿಕಲರನ್ನೂ ಕರೆಯಿರಿ, ಅವರು ಮರಳಿ ಕೊಡಲಾರರು, ಆದ್ದರಿಂದಲೇ ನೀವು ಧನ್ಯರು ಎಂದು ಕಲಿಸಿದರು. ಅದು ಮನುಷ್ಯರ ಕುರಿತು ಹೇಳಿದ ಮಾತು, ಮೊದಲು ಮನುಷ್ಯರಿಗೇ ಅದು ಸಲ್ಲಬೇಕು. ಮರಳಿ ಬಾರದ್ದನ್ನು ಕೊಡುವ ಆ ಅಭ್ಯಾಸ ನಮ್ಮ ಮನೆಯಲ್ಲಿ ಎಲ್ಲಿಂದಲಾದರೂ ಆರಂಭವಾಗಬೇಕಲ್ಲವೇ? ಮುದಿ ನಾಯಿ ಮನೆ ಕಾಯುವುದು ಇನ್ನೆಷ್ಟು ದಿನ? ಎರಡು ವರ್ಷವೋ, ಮೂರು ವರ್ಷವೋ. ಅದು ಗೊತ್ತಿದ್ದೂ ಬಾಗಿಲು ತೆರೆದ ಮನೆಯ ಮಕ್ಕಳು, ನಾಳೆ ತಮ್ಮ ತಂದೆತಾಯಿ ಹಾಸಿಗೆ ಹಿಡಿದಾಗ ಬಾಗಿಲು ಮುಚ್ಚಲಾರರು ಎಂದು ನಂಬೋಣ.

ಮನೆಮಂದಿ ಕೂಡಿ ಚರ್ಚಿಸಲು

1. ನಮ್ಮ ಗೇಟಿನ ಹೊರಗೆ ದಿನವೂ ಕಂಡೂ ಕಾಣದಂತೆ ದಾಟಿಹೋಗುತ್ತಿರುವ ಮನುಷ್ಯರು ಯಾರು? ಪ್ರಾಣಿ ಯಾವುದು?

2. ಒಳ್ಳೆಯ ಕೆಲಸಕ್ಕೆಂದು ಸತ್ಯವನ್ನು ಮುಚ್ಚಿಟ್ಟ ಸಂದರ್ಭ ನಮ್ಮ ಮನೆಯಲ್ಲಿ ಬಂದಿತ್ತೇ? ಅದರ ಫಲ ಏನಾಯಿತು?

3. ನಮ್ಮ ಮನೆಯಲ್ಲಿ ಹಿರಿಯರಿಗೆ ಯಾವ ಮೂಲೆ ಸಿಕ್ಕಿದೆ? ಅದು ಬೆಚ್ಚಗಿದೆಯೇ?

4. ನಾಯಿ ಸಾಕಲು ಅನುಕೂಲವಿಲ್ಲದಿದ್ದರೆ, ಸಾಕುವವರಿಗೆ ನಾವು ಯಾವ ನೆರವು ಕೊಡಬಹುದು?

ಈ ವಾರದ ಸಂಕಲ್ಪ

ನಮ್ಮ ಬೀದಿಯ ಒಂದು ಮುದಿ ನಾಯಿಗೆ ಲಸಿಕೆ ಆಗಿದೆಯೇ ಎಂದು ವಿಚಾರಿಸೋಣ. ಬಾಗಿಲ ಹೊರಗೆ ಒಂದು ಮಣ್ಣಿನ ಬಟ್ಟಲಲ್ಲಿ ನೀರಿಡೋಣ. ಮನೆಯ ಹಿರಿಯರೊಡನೆ ಅರ್ಧ ಗಂಟೆ ಕುಳಿತು ಮಾತಾಡೋಣ.

ಪ್ರಾರ್ಥನೆ

ಸಕಲವನ್ನೂ ಸೃಷ್ಟಿಸಿದ ತಂದೆಯೇ, ನಮ್ಮ ಬಾಗಿಲಲ್ಲಿರುವ ಗಾಯಗಳನ್ನು ನೋಡುವ ಕಣ್ಣು ಕೊಡಿ. ನೋಡಿದ್ದನ್ನು ಮುಚ್ಚಿಡದ ನಾಲಿಗೆ ಕೊಡಿ. ಮರಳಿ ಏನನ್ನೂ ಕೊಡಲಾರದ ಜೀವಕ್ಕೂ ನಮ್ಮ ಮನೆಯಲ್ಲಿ ಒಂದು ಮೂಲೆ ಇರಲಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಪ್ರಾರ್ಥಿಸುತ್ತೇವೆ. ಆಮೆನ್.